ಸೊಂಟದಲ್ಲಿ ಉಳಿದ ಚಳಿ

ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಲ್ಲಿ, ಅಂಗಡಿ ಸಾಲು ಮುಗಿದು ಮಾವಿನ ತೋಪುಗಳು ಶುರುವಾಗುವ ಕಡೆ, ಹಣ್ಣನ್ನು ಹೋಳು ಮಾಡಿ ಡಬ್ಬಕ್ಕೆ ತುಂಬುವ ಒಂದು ಕಾರ್ಖಾನೆ ಇತ್ತು. ಬೇಸಗೆ ಬಂತೆಂದರೆ ಸುತ್ತಲ ಹಳ್ಳಿಗಳ ಹೆಂಗಸರಿಗೆ ಅಲ್ಲಿ ಕೆಲಸ. ಶಾಮಲಮ್ಮ ಹಲವು ವರ್ಷಗಳಿಂದ ಅಲ್ಲಿ ಹಣ್ಣು ಆರಿಸುತ್ತಿದ್ದಳು. ಬಗ್ಗುವುದು, ಏಳುವುದು, ಮತ್ತೆ ಬಗ್ಗುವುದು. ಸಂಜೆಯ ಹೊತ್ತಿಗೆ ಅವಳ ಸೊಂಟ ಬೇರೆ ಯಾರದೋ ಸೊಂಟದಂತಾಗುತ್ತಿತ್ತು.

ಆ ವರ್ಷ ಶೀತಲ ಕೋಣೆಯಲ್ಲಿದ್ದ ಗಂಡಾಳುಗಳು ಕೆಲಸ ಬಿಟ್ಟು ವೇಮಗಲ್ ಕಡೆಯ ಫ್ಯಾಕ್ಟರಿಗೆ ಹೋದರು. ಸೂಪರ್‌ವೈಸರ್ ಅರುಣ್‌ಕುಮಾರ್ ಹಣ್ಣಿನ ರಾಶಿಯ ಮುಂದೆ ಬಂದು ನಿಂತು, "ಐಸ್ ರೂಮಿಗೆ ಯಾರು ಹೋಗ್ತೀರಮ್ಮಾ?" ಎಂದು ಕೇಳಿದ. ಯಾರೂ ತಲೆ ಎತ್ತಲಿಲ್ಲ. ಹೆಣ ಇಡೋ ಪೆಟ್ಟಿಗೆ ಇದ್ದಂಗೆ ಐತೆ ಅದು ಎಂದು ಯಾರೋ ಪಿಸುಗುಟ್ಟಿದರು. ಹೊರಗೆ ತಗಡಿನ ಚಾವಣಿ ಬಿಸಿಲಿಗೆ ಚಟಚಟ ಅನ್ನುತ್ತಿತ್ತು. ಶಾಮಲಮ್ಮ ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಗೆ ಹಾಕಿ, ಸೊಂಟ ಹಿಡಿದುಕೊಂಡು ಎದ್ದಳು.

"ನಾನು ಹೋಗ್ತೀನಿ."

ಕೆಲಸ ಕಷ್ಟದ್ದೇನಲ್ಲ. ಹೋಳು ತುಂಬಿದ ಡಬ್ಬಗಳು ಗಾಡಿಯಲ್ಲಿ ಬರುತ್ತಿದ್ದವು. ಅವುಗಳನ್ನು ಚೀಟಿ ಕಾಣುವ ಹಾಗೆ ಕಬ್ಬಿಣದ ಹಲಗೆಗಳ ಮೇಲೆ ಜೋಡಿಸಬೇಕು. ಒಂದು ಗಾಡಿ ಹೋಗಿ ಇನ್ನೊಂದು ಬರುವವರೆಗೆ ಹೊರಗೆ ಬಂದು ಮೈ ಬಿಸಿ ಮಾಡಿಕೊಳ್ಳಬೇಕು ಎಂಬುದು ನಿಯಮ. ಅರುಣ್‌ಕುಮಾರ್ ಅದನ್ನು ಮೊದಲ ದಿನವೇ ಎರಡೆರಡು ಸಲ ಹೇಳಿದ್ದ. ದಪ್ಪನೆಯ ಕೋಟು, ಕೈಗವಸು, ಮೊಣಕಾಲಿನವರೆಗೆ ಬರುವ ಬೂಟು ಕೊಟ್ಟಿದ್ದ. ಪ್ಯಾಂಟು ಹಾಕುವ ಗಂಡಸರ ಅಳತೆಗೆ ಹೊಲಿದ ಕೋಟು ಸೊಂಟಕ್ಕೇ ಮುಗಿಯುತ್ತಿತ್ತು.

ಬಾಗಿಲಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಪಟ್ಟಿಗಳನ್ನು ಸರಿಸಿ ಒಳಗೆ ಕಾಲಿಟ್ಟ ಗಳಿಗೆಯಲ್ಲೇ ಶಾಮಲಮ್ಮನಿಗೆ ಏನೋ ಆಯಿತು. ಹೊರಗಿನ ಗಲಾಟೆ ಕತ್ತರಿಸಿದ ಹಾಗೆ ನಿಂತುಹೋಯಿತು. ಉಸಿರು ಬಿಟ್ಟರೆ ಅದು ಬೆಳ್ಳಗೆ ಕಾಣುತ್ತಿತ್ತು. ದೀಪಗಳ ಸುತ್ತ ಮಂಜಿನ ಸಣ್ಣ ಸಣ್ಣ ಬಳೆಗಳಿದ್ದವು. ಎಲ್ಲೋ ಗೋಡೆಯ ಹಿಂದೆ ಯಂತ್ರ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು, ಕೇಳುತ್ತ ಕೇಳುತ್ತ ಅದು ಕೂಡ ಮೌನವೇ ಆಗಿಬಿಡುತ್ತಿತ್ತು. ಡಬ್ಬ ಜೋಡಿಸಿ ಮುಗಿದ ಮೇಲೆ, ಹೊರಗೆ ಹೋಗದೆ, ನೋಯುವ ಸೊಂಟವನ್ನು ಅವಳು ಗೋಡೆಯ ತಗಡಿಗೆ ಆನಿಸಿದಳು. ಕೋಟು ಮೇಲಕ್ಕೆ ಸರಿದಿತ್ತು. ರವಿಕೆ ಮುಗಿದು ಸೀರೆ ಶುರುವಾಗುವ ನಡುವಿನ ಬರಿಮೈಗೆ ತಗಡು ಚುರ್ ಎಂದು ತಾಗಿತು. ಕಿರಿಚಬೇಕೆನ್ನಿಸಿತು. ಆಮೇಲೆ ನೋವು ನಿಧಾನವಾಗಿ ಇಳಿದು, ಎಲ್ಲಿತ್ತು ಅನ್ನುವುದೂ ಮರೆತುಹೋಗಿ, ಸೊಂಟದ ಜಾಗದಲ್ಲಿ ಏನೂ ಇಲ್ಲದಂತಾಯಿತು. ಅಂಥ ಹಿತವನ್ನು ಅವಳು ಯಾವ ಹಂಡೆಯ ಬಿಸಿನೀರಿನಲ್ಲೂ ಕಂಡಿರಲಿಲ್ಲ.

ಮಾರನೆಯ ದಿನ ಅವಳೇ ಕೋಟನ್ನು ಮೇಲಕ್ಕೆತ್ತಿ ಆನಿಕೊಂಡಳು.

ಆಗಲೇ ತೋಪು ಕಾಣಿಸತೊಡಗಿದ್ದು. ಕಣ್ಣು ಮುಚ್ಚಿದರೆ ಮಾವಿನ ತೋಪು. ಆದರೆ ಎಲೆಗಳು ಬೆಳ್ಳಗೆ, ಕೊಂಬೆಗಳು ಬೆಳ್ಳಗೆ, ನೆಲದ ಮೇಲಿನ ತರಗೂ ಬೆಳ್ಳಗೆ. ಅವಳು ಬರಿಗಾಲಲ್ಲಿ ನಡೆಯುತ್ತಿದ್ದಳು, ತರಗು ಸದ್ದು ಮಾಡುತ್ತಿರಲಿಲ್ಲ. ಗಾಡಿಯ ಗಂಟೆ ಬಾರಿಸಿದರೆ ಎಚ್ಚೆತ್ತು ಬರುತ್ತಿದ್ದಳು. ಮುಂದಿನ ಸಲ ಕಣ್ಣು ಮುಚ್ಚಿದಾಗ ತೋಪು ಮತ್ತೆ ಮೊದಲಿನಿಂದ ಶುರುವಾಗುತ್ತಿರಲಿಲ್ಲ, ನಿಂತ ಮರದ ಹತ್ತಿರದಿಂದಲೇ ಮುಂದುವರಿಯುತ್ತಿತ್ತು. ದಿನಕ್ಕೆ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತಿದ್ದಳು. ಮರಗಳು ಮುಗಿಯುವ ಕಡೆ ಕಲ್ಲುಕಟ್ಟಡದ ಬಾವಿಯೊಂದು ಇದೆ ಎಂದು ಅವಳಿಗೆ ಹೇಗೋ ಗೊತ್ತಿತ್ತು. ಅಷ್ಟು ದೊಡ್ಡ ತೋಪಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ.

ಇದು ಅವಳಿಗೆ ಎಷ್ಟು ಹೊಸದು ಎಂದರೆ ಯಾರಿಗೂ ಹೇಳುವ ಹಾಗಿರಲಿಲ್ಲ. ಹುಟ್ಟಿದ ಮನೆಯಲ್ಲಿ ಅಕ್ಕತಂಗಿಯರೆಲ್ಲ ಒಂದೇ ಚಾಪೆಯಲ್ಲಿ ಮಲಗುತ್ತಿದ್ದರು. ಮದುವೆಯಾಗಿ ಬಂದ ಮನೆಯಲ್ಲಿ ಗಂಡ ಚನ್ನರಾಯಪ್ಪ ರೇಷ್ಮೆ ಹುಳು ಸಾಕುತ್ತಿದ್ದ. ಹುಳುವಿಗೆ ಸೊಪ್ಪು ಕೊಯ್ಯಬೇಕು, ಹೆಚ್ಚಬೇಕು, ಹಾಕಬೇಕು, ಹಿಕ್ಕೆ ತೆಗೆಯಬೇಕು. ಅತ್ತೆ ಬೈರಮ್ಮ ರಾಯಲ್ಪಾಡಿನ ಕಡೆಯವಳು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೆಳಗಿನಿಂದ ಸಂಜೆತನಕ ಮಾತಾಡುವವಳು. ಸೊಸೆ ಹಿತ್ತಲಿಗೆ ಹೋದರೂ "ಏಮೇ ಶಾಮಲಾ, ಎಲ್ಲಿದೀಯೇ?" ಎಂದು ಕೂಗುವವಳು. ಮಗಳು ಧನಶ್ರೀ ಮದುವೆಯಾಗಿ ಮಾಲೂರಿಗೆ ಹೋದ ಮೇಲೆ ದಿನಕ್ಕೆ ಮೂರು ಸಲ ಫೋನು. ಯಾರೂ ಕೆಟ್ಟವರಲ್ಲ. ಚನ್ನರಾಯಪ್ಪನಂತೂ ಮಾತೇ ಕಡಿಮೆಯ ಮನುಷ್ಯ. ಆದರೂ ಒಂದು ಕೋಣೆಯಲ್ಲಿ ತಾನೊಬ್ಬಳೇ ಇದ್ದದ್ದು ಶಾಮಲಮ್ಮನಿಗೆ ನೆನಪಿರಲಿಲ್ಲ.

ಹಂಗಾಮು ಅರ್ಧ ಮುಗಿದಾಗ ಸ್ನಾನ ಮಾಡುತ್ತಿದ್ದವಳ ಕೈಗೆ ಸೊಂಟದ ಹಿಂದೆ ಏನೋ ಸಿಕ್ಕಿತು. ಚರ್ಮದ ಮೇಲಲ್ಲ, ಒಳಗೆ. ಹುಣಸೆಬೀಜವನ್ನು ಹಿಟ್ಟಿನಲ್ಲಿ ಹುದುಗಿಸಿಟ್ಟ ಹಾಗೆ. ಒತ್ತಿದರೆ ಪ್ರಾಣ ಹೋಗುವಷ್ಟು ನೋವು. ಕೆಲವು ದಿನಗಳಲ್ಲಿ ಬೀಜಗಳು ನಿಂಬೆಹಣ್ಣಿನಷ್ಟಾದವು, ಒಂದರ ಪಕ್ಕ ಒಂದು. ಅಂಗಾತ ಮಲಗಲು ಆಗದೆ ಮಗ್ಗುಲಾಗಿ ಮಲಗತೊಡಗಿದಳು. ಸೀರೆಯ ಗಂಟು ತಾಗಿದರೂ ಮುಖ ಕಿವುಚಿಕೊಳ್ಳುತ್ತಿದ್ದಳು. ಆದರೆ ಶೀತಲ ಕೋಣೆಗೆ ಹೋಗಿ ಆನಿಕೊಂಡರೆ ನೋವು ಮಾಯವಾಗುತ್ತಿತ್ತು. ಹಾಗಾಗಿ ಅವಳು ಇನ್ನೂ ಹೆಚ್ಚು ಹೊತ್ತು ಆನಿಕೊಂಡಳು.

ಒಂದು ಬೆಳಿಗ್ಗೆ ರಾಗಿ ಹಿಟ್ಟು ಜರಡಿ ಹಿಡಿಯಲು ಬಗ್ಗಿದಾಗ ಬೈರಮ್ಮ ಹಿಂದಿನಿಂದ ನೋಡಿದಳು.

"ಅಯ್ಯೋ ದೇವುಡಾ! ಏನೇ ಇದು, ನೇರಳೆಹಣ್ಣು ಜಜ್ಜಿದಂಗೆ ಆಗೈತೆ!"

"ಏನಿಲ್ಲ ಅತ್ತೆ, ಗಾಡಿ ತಾಗಿತ್ತು."

"ಗಾಡಿ ತಾಗಿದ್ರೆ ಹಿಂಗೆ ಸಾಲಾಗಿ ಬರ್ತದಾ? ಸರ್ಪಸುತ್ತು ಕಣೇ ಇದು. ತಲೆ ಬಾಲ ಕೂಡಿಬಿಟ್ರೆ ಮುಗೀತು ಕಥೆ. ಲೇ ಚನ್ನಾ, ಬಾರೋ ಇಲ್ಲಿ!"

ಚನ್ನರಾಯಪ್ಪ ಸೊಪ್ಪಿನ ಹೊರೆಯನ್ನು ಇಳಿಸಿ ಬಂದು ನೋಡಿದ. ಹೆಂಡತಿಯ ಬೆನ್ನನ್ನು ಹಗಲು ಬೆಳಕಿನಲ್ಲಿ ಅವನು ನೋಡಿ ಎಷ್ಟು ಕಾಲವಾಗಿತ್ತೋ. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದ. ಕೈ ಹಿಂದಕ್ಕೆ ತೆಗೆದುಕೊಂಡ.

"ಆಸ್ಪತ್ರೆಗೆ ಹೋಗಿ" ಎಂದಷ್ಟೇ ಅಂದ.

ಬೈರಮ್ಮ ಮೊದಲು ಕರೆದುಕೊಂಡು ಹೋದದ್ದು ಆಸ್ಪತ್ರೆಗಲ್ಲ. ಕುರುಡುಮಲೆಯ ಹತ್ತಿರ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವ ಆವಲಪ್ಪನ ಮನೆಗೆ. ಮುದುಕ ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದ. "ನೀರುಗುಳ್ಳೆ ಇಲ್ವಲ್ಲಮ್ಮಾ. ಇದು ಸುತ್ತು ಅಲ್ಲ ಅನ್ಸುತ್ತೆ" ಅಂದ. ಬೈರಮ್ಮ ಒಪ್ಪಲಿಲ್ಲ. ಎರಡು ಬಸ್ಸು ಬದಲಾಯಿಸಿ ಬಂದಿದೀವಿ, ಸುಮ್ಮನೆ ಕಳಿಸ್ತೀಯಾ ಎಂದು ಗದರಿದಳು. ಆವಲಪ್ಪ ನಕ್ಕು, ಸಮಾಧಾನಕ್ಕೆ ಎಂದು ಕೆಮ್ಮಣ್ಣು ಕಲಸಿ ಹಚ್ಚಿದ. ಹಸಿಮಣ್ಣು ತಣ್ಣಗೆ ತಾಗಿದಾಗ ಶಾಮಲಮ್ಮ ಕಣ್ಣು ಮುಚ್ಚಿದಳು. ಒಂದು ಗಳಿಗೆ ಬಿಳಿಯ ಎಲೆಯೊಂದು ಕಂಡ ಹಾಗಾಯಿತು. ಬೈರಮ್ಮ ದೇವಸ್ಥಾನದಲ್ಲಿ ಗಣೇಶನಿಗೆ ಕಾಯಿ ಒಡೆಸಿಕೊಂಡು ಬಂದಳು.

ಗಂಟುಗಳು ಇಳಿಯಲಿಲ್ಲ. ಆ ವಾರದ ಕೊನೆಗೆ ಅತ್ತೆ ಸೊಸೆ ಕೋಲಾರಕ್ಕೆ ಬಸ್ಸು ಹತ್ತಿದರು.

ಚರ್ಮದ ಡಾಕ್ಟರು ಪದ್ಮಶ್ರೀ ಎಂಬ ನಡುವಯಸ್ಸಿನ ಹೆಂಗಸು. ಮೊದಲು ನರ್ಸಿನ ಕೈಯಲ್ಲಿ ಒದ್ದೆ ಹತ್ತಿಯಿಂದ ಕೆಮ್ಮಣ್ಣನ್ನೆಲ್ಲ ಒರೆಸಿಸಿದರು. ಆಮೇಲೆ ದೀಪವನ್ನು ಹತ್ತಿರಕ್ಕೆಳೆದು ಬಹಳ ಹೊತ್ತು ನೋಡಿದರು. ಬೆರಳಿಂದ ಒಂದೊಂದೇ ಗಂಟಿನ ಅಂಚು ಹುಡುಕಿದರು.

"ಏನಮ್ಮಾ ಕೆಲಸ ಮಾಡೋದು ನೀವು?"

"ಮಾವಿನಹಣ್ಣು ಆರಿಸ್ತೀನಿ" ಎಂದಳು ಶಾಮಲಮ್ಮ, ಮುಖವನ್ನು ದಿಂಬಿನಲ್ಲಿ ಹುದುಗಿಸಿಕೊಂಡೇ.

"ಬಿಸಿಲಲ್ಲಾ?"

"ಹೂಂ."

ಡಾಕ್ಟರು ಮತ್ತೆ ನೋಡಿದರು. "ವಿಚಿತ್ರ. ರವಿಕೆ ಎಲ್ಲಿ ಮುಗಿಯುತ್ತೋ ಅಲ್ಲಿಂದ ಶುರುವಾಗಿದೆ. ಸೀರೆ ಎಲ್ಲಿ ಬರುತ್ತೋ ಅಲ್ಲಿಗೆ ನಿಂತಿದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಆ ಜಾಗಕ್ಕೆ ಏನಾದ್ರೂ ತಗುಲುತ್ತಾ ನಿಮಗೆ?"

ಶಾಮಲಮ್ಮ ಸುಮ್ಮನಿದ್ದಳು. ಬೈರಮ್ಮನಿಗೆ ಸುಮ್ಮನಿದ್ದು ಗೊತ್ತಿಲ್ಲ.

"ಐಸ್ ರೂಮಲ್ಲಿ ಕೆಲಸ ಅಮ್ಮಾ ಇವಳದು ಈ ವರ್ಷ. ಹಣ್ಣು ಆರಿಸೋದೆಲ್ಲ ಹೋದ ವರ್ಷಕ್ಕೇ ಆಯ್ತು. ಯಾಕೇ ಸುಳ್ಳು ಹೇಳ್ತೀಯಾ?"

ಡಾಕ್ಟರು ಬೈರಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದರು. ಬಾಗಿಲು ಮುಚ್ಚಿದ ಮೇಲೆ ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು ಕೂತರು. ಬೈಯಲಿಲ್ಲ. ಕಾದರು.

"ಗೋಡೆಗೆ ಒರಗ್ಕೊಂತೀನಿ" ಎಂದಳು ಶಾಮಲಮ್ಮ ಕೊನೆಗೆ. "ಕೋಟು ಎತ್ತಿ."

"ಯಾಕೆ?"

"ಹಿತ ಆಗುತ್ತೆ."

ಪದ್ಮಶ್ರೀ ತಲೆಯಾಡಿಸಿದರು. "ನೋಡಿ ಶಾಮಲಮ್ಮಾ, ಚರ್ಮದ ಕೆಳಗೆ ನಮ್ಮೆಲ್ಲರಿಗೂ ಒಂದು ಕೊಬ್ಬಿನ ಪದರ ಇರುತ್ತೆ. ಸೊಂಟದ ಹತ್ರ ಸ್ವಲ್ಪ ಜಾಸ್ತಿ. ಕೆಲವರಲ್ಲಿ ತುಂಬಾ ಚಳಿ ತಗುಲಿದ್ರೆ ಆ ಕೊಬ್ಬು ಊದಿಕೊಂಡು ಗಂಟು ಕಟ್ಟುತ್ತೆ. ಆಗ ಮರಗಟ್ಟಿರುತ್ತೆ, ಗೊತ್ತಾಗಲ್ಲ. ಒಂದೆರಡು ದಿನ ಬಿಟ್ಟು ನೋವು ಶುರುವಾಗುತ್ತೆ. ನನ್ನ ಅನುಮಾನ ಅದೇ. ಬೇರೆ ಕಾರಣಗಳೂ ಇರಬಹುದು, ಅದಕ್ಕೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಇನ್ನೊಂದು ಸಣ್ಣ ಪರೀಕ್ಷೆ ಇಲ್ಲೇ ಮಾಡೋಣ."

ಮರಗಟ್ಟಿಸಿ ಸೊಂಟದಿಂದ ಚೂರು ತೆಗೆದದ್ದು ಶಾಮಲಮ್ಮನಿಗೆ ಅಷ್ಟು ತಿಳಿಯಲಿಲ್ಲ. ಆಮೇಲೆ ಡಾಕ್ಟರು ಅವಳ ತೋಳಿನ ಒಳಮಗ್ಗುಲಿಗೆ ಒಂದು ಐಸ್ ತುಂಡನ್ನು ಇಟ್ಟು ಹಿಡಿದುಕೊಂಡರು. ಅಷ್ಟು ಸಣ್ಣ ಚಳಿಗೂ ಅವಳ ರೆಪ್ಪೆಗಳು ಭಾರವಾದವು.

"ಇಲ್ಲಿ ಗಂಟು ಎದ್ದರೆ ಫೋನ್ ಮಾಡಿ. ಅಲ್ಲಿವರೆಗೂ ಆ ರೂಮಿಗೆ ಹೋಗಬೇಡಿ. ಖಂಡಿತಾ ಹೋಗಬೇಡಿ."

ಮೂರನೆಯ ದಿನ ತೋಳಿನಲ್ಲಿ ಗಂಟು ಎದ್ದಿತು. ಕೆಂಪಗೆ, ದುಂಡಗೆ, ಒಳಗಿಂದ ಬಿರುಸಾಗಿ. ಶಾಮಲಮ್ಮ ಹಿತ್ತಲಿನ ಕಲ್ಲಿನ ಮೇಲೆ ಕೂತು ಅದನ್ನೇ ನೋಡಿದಳು. ಬೆನ್ನಿನ ಗಂಟುಗಳನ್ನು ಉಳಿದವರೆಲ್ಲ ನೋಡಿದ್ದರು, ಅವಳು ಒಮ್ಮೆಯೂ ನೋಡಿರಲಿಲ್ಲ. ಹಾಗಾದರೆ ನನ್ನ ಬೆನ್ನಲ್ಲಿರುವುದು ಇದೇ ಎಂದುಕೊಂಡಳು. ಫೋನು ಮಾಡಿದರೆ ಡಾಕ್ಟರು ಏನು ಹೇಳುತ್ತಾರೆ ಎಂಬುದು ಗೊತ್ತಿತ್ತು. ಅವಳಿಗೆ ಬಾವಿಯ ನೆನಪಾಯಿತು. ಇನ್ನು ಕೆಲವೇ ಮರಗಳು ಉಳಿದಿದ್ದವು.

ರವಿಕೆಯ ತೋಳನ್ನು ಕೆಳಕ್ಕೆಳೆದುಕೊಂಡು ಅವಳು ಕೆಲಸಕ್ಕೆ ಹೋದಳು.

"ಡಾಕ್ಟ್ರು ಏನಂದ್ರು?" ಎಂದು ಅರುಣ್‌ಕುಮಾರ್ ಕೇಳಿದ್ದಕ್ಕೆ "ಪರವಾಗಿಲ್ಲ ಅಂದ್ರು" ಎಂದಳು. ಗಾಡಿ ಬಂತು. ಡಬ್ಬ ಜೋಡಿಸಿದಳು. ಗಾಡಿ ಹೋಯಿತು. ಅವಳು ಕೋಟನ್ನೆತ್ತಿ, ಎಂದಿನ ಜಾಗದಲ್ಲಿ ತಗಡಿಗೆ ಆನಿಕೊಂಡು, ಈ ಸಲ ಕುಸಿದು ಕೂತೇಬಿಟ್ಟಳು.

ತೋಪು ಕಾದಿತ್ತು. ಮರಗಳು ಎರಡೂ ಕಡೆ ಸರಿದು ದಾರಿ ಬಿಟ್ಟವು. ನೆಲದಲ್ಲಿ ಬಿಳಿಯ ಬೆಳಕು, ಮೇಲೆ ಸೂರ್ಯ ಇರಲಿಲ್ಲ. ಬಾವಿ ಅವಳು ಅಂದುಕೊಂಡಿದ್ದಕ್ಕಿಂತ ಚಿಕ್ಕದು, ಕಟ್ಟೆಯ ಕಲ್ಲುಗಳು ಕೈಯಿಂದ ಸವೆದು ನುಣುಪಾಗಿದ್ದವು. ಅವಳು ಕಟ್ಟೆಯ ಮೇಲೆ ಎರಡೂ ಕೈ ಊರಿದಳು. ಸೊಂಟದಲ್ಲಿ ನೋವಿರಲಿಲ್ಲ. ಸೊಂಟವೇ ಇರಲಿಲ್ಲ. ಕೆಳಗೆ ಏನೋ ಹೊಳೆಯುತ್ತಿತ್ತು. ಬಗ್ಗಿದಳು.

"ಶಾಮಲಮ್ಮಾ! ರೀ ಶಾಮಲಮ್ಮಾ!"

ಯಾರೋ ಕೆನ್ನೆಗೆ ಹೊಡೆಯುತ್ತಿದ್ದರು. ಕಣ್ಣು ತೆರೆದಾಗ ಅರುಣ್‌ಕುಮಾರನ ಮುಖ ಬಹಳ ಹತ್ತಿರದಲ್ಲಿತ್ತು, ಬಣ್ಣ ಇಳಿದುಹೋಗಿತ್ತು. ಗಂಟೆ ಬಾರಿಸಿದರೂ ಅವಳು ಹೊರಗೆ ಬರಲಿಲ್ಲ ಎಂದು ಅವನು ಒಳಗೆ ಬಂದಿದ್ದ. ಅವಳ ಹುಬ್ಬುಗಳ ಮೇಲೆ ಬೆಳ್ಳಗೆ ಪುಡಿ ಕೂತಿತ್ತು. ಹೆಂಗಸರು ಅವಳನ್ನು ಹೊತ್ತು ಬಿಸಿಲಿಗೆ ತಂದರು, ಅಂಗೈ ಅಂಗಾಲು ಉಜ್ಜಿದರು, ಬಿಸಿ ಟೀ ಕುಡಿಸಿದರು. ನೋವು ಮರಳಿ ಬಂದಾಗ ಶಾಮಲಮ್ಮ ಜೋರಾಗಿ ಅತ್ತಳು. ನೋವಿಗೆ ಅಳುತ್ತಿದ್ದಾಳೆ ಎಂದು ಎಲ್ಲರೂ ಅಂದುಕೊಂಡರು.

"ನಿಮ್ಮ ಕಾಲಿಗೆ ಬೀಳ್ತೀನಿ, ಇನ್ಮೇಲೆ ಆ ಬಾಗಿಲ ಹತ್ರ ಸುಳೀಬೇಡಿ" ಎಂದ ಅರುಣ್‌ಕುಮಾರ್.

ಚನ್ನರಾಯಪ್ಪ ತನ್ನ ಮೊಪೆಡ್ಡಿನಲ್ಲಿ ಬಂದು ಅವಳನ್ನು ಮನೆಗೆ ಕರೆದುಕೊಂಡು ಹೋದ. ಮನೆಯ ಮುಂದೆ ಗಾಡಿ ನಿಲ್ಲಿಸಿ, "ನಾನೇ ಡಾಕ್ಟ್ರಿಗೆ ಫೋನ್ ಮಾಡ್ತೀನಿ" ಎಂದ.

ಡಾಕ್ಟರ ಅನುಮಾನ ನಿಜವಾಗಿತ್ತು. ತೆಗೆದ ಚೂರಿನ ವರದಿಯೂ ಅದನ್ನೇ ಹೇಳಿತು. ಮಾತ್ರೆ ಕೊಟ್ಟರು. ಮುಲಾಮು ಬೇಡ, ಮೈ ಬೆಚ್ಚಗಿಡಿ, ಬೆನ್ನ ಮೇಲೆ ಮಲಗಬೇಡಿ, ಚಳಿ ಬಿಟ್ಟರೆ ಗಂಟು ತಾನೇ ಕರಗುತ್ತೆ, ಆದ್ರೆ ನಿಧಾನ ಎಂದರು.

ಅಷ್ಟರಲ್ಲಿ ಆಷಾಢದ ಗಾಳಿ ಶುರುವಾಗಿತ್ತು. ಹಂಚಿನ ಸಂದಿಗಳಿಂದ ನುಗ್ಗುವ ಗಾಳಿಗೆ ಮನೆಯೊಳಗೂ ಮೈ ನಡುಗುತ್ತಿತ್ತು. ಇಡೀ ಹಿತ್ತಲಿನಲ್ಲಿ ಬೆಚ್ಚಗಿದ್ದದ್ದು ಹುಳುಮನೆ ಒಂದೇ. ಹುಳುಗಳಿಗಾಗಿ ಅಲ್ಲಿ ಬಾಗಿಲು ಕಿಟಕಿಗೆ ಗೋಣಿ ಕಟ್ಟಿ, ಮೂಲೆಯಲ್ಲಿ ಹೊಗೆಯಾಡದ ಹಾಗೆ ಕೆಂಡ ಇಟ್ಟಿರುತ್ತಿದ್ದರು.

"ಅಲ್ಲೇ ಮಲಗ್ಲಿ" ಎಂದ ಚನ್ನರಾಯಪ್ಪ.

ಬೈರಮ್ಮ ಬೆಚ್ಚಿಬಿದ್ದಳು. "ಖಾಯಿಲೆ ಮನುಷ್ಯಾನ ಹುಳು ಮನೇಲಿ ಮಲಗಿಸ್ತಾರೇನೋ? ಬೆಳೆ ಹೋಗ್ತದೆ ಕಣೋ!"

"ಅಂಟೋ ಖಾಯಿಲೆ ಅಲ್ಲಮ್ಮಾ. ಹೋದ್ರೆ ಹೋಗ್ಲಿ."

ಅವನು ಅಷ್ಟು ದೊಡ್ಡ ಮಾತು ಆಡಿದ್ದನ್ನು ಬೈರಮ್ಮ ಎಂದೂ ಕೇಳಿರಲಿಲ್ಲ. ಬಾಯಿ ಮುಚ್ಚಿಕೊಂಡು ಕಂಬಳಿ ತಂದುಕೊಟ್ಟಳು.

ಶಾಮಲಮ್ಮ ಹುಳು ಸಾಕುವ ತಟ್ಟೆಗಳ ಸಾಲಿನ ಕೆಳಗೆ ಚಾಪೆ ಹಾಸಿಕೊಂಡು ಬೋರಲು ಮಲಗಿದಳು. ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ, ಅಲ್ಲಾಡದೆ, ತಲೆಯನ್ನು ಅರ್ಧ ಎತ್ತಿ ಕೂರುವುದನ್ನು ಅವರು ಜ್ವರ ಎನ್ನುತ್ತಿದ್ದರು. ಸಾವಿರಾರು ಹುಳುಗಳು ಹಾಗೆ ತಲೆ ಎತ್ತಿ ಏನನ್ನೋ ಕೇಳಿಸಿಕೊಳ್ಳುವಂತೆ ಕೂತಿದ್ದವು. ಒಂದು ಚೂರು ಸದ್ದಿಲ್ಲ. ಅವಳು ಕಣ್ಣು ಮುಚ್ಚಿ ತೋಪನ್ನು ಕರೆದಳು. ಬರಲಿಲ್ಲ. ಒಂದು ಬಿಳಿಯ ಎಲೆಯೂ ಬರಲಿಲ್ಲ. ಕಂಬಳಿಯೊಳಗಿನ ಶಾಖದಲ್ಲಿ ಬೆನ್ನು ಮಾತ್ರ ಮಿಡಿಯುತ್ತಿತ್ತು.

ಚನ್ನರಾಯಪ್ಪ ಬಂದು ಕೆಂಡದ ಮೇಲೆ ಹಳೆಯ ಪಂಚೆಯ ತುಂಡನ್ನು ಹಿಡಿದು, ತನ್ನ ಕೆನ್ನೆಗೆ ಇಟ್ಟು ನೋಡಿ, ಹದವಾದ ಮೇಲೆ ಅವಳ ಸೊಂಟದ ಮೇಲೆ ಹಾಸಿದ. ಆರಿದರೆ ಇನ್ನೊಂದು. ಹುಳುಗಳಿಗೆ ಸೊಪ್ಪು ಹಾಕುವ ಕೈಯಲ್ಲೇ, ಅದೇ ನಿಧಾನದಲ್ಲಿ. ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ, ಪಾದಗಳಷ್ಟೇ ಕಾಣುತ್ತಿದ್ದವು. ಮುಖ ಕಾಣದಿದ್ದರಿಂದಲೋ ಏನೋ, ಅವಳು ಹೇಳತೊಡಗಿದಳು. ಬಿಳಿಯ ತೋಪನ್ನು ಹೇಳಿದಳು. ನಿಂತ ಮರದ ಹತ್ತಿರದಿಂದಲೇ ಮತ್ತೆ ಶುರುವಾಗುತ್ತಿದ್ದುದನ್ನು ಹೇಳಿದಳು. ಬಾವಿಯನ್ನು ಹೇಳಿದಳು.

"ಬಾವೀಲಿ ಏನಿತ್ತು?"

"ನೋಡೋಕೆ ಬಿಡ್ಲಿಲ್ಲ ಆ ಅರುಣ್‌ಕುಮಾರ. ಕೆನ್ನೆಗೆ ಹೊಡೆದು ಎಬ್ಬಿಸಿಬಿಟ್ಟ."

ಚನ್ನರಾಯಪ್ಪನ ಪಾದಗಳು ಕೆಂಡದ ಕಡೆ ಹೋಗಿ ಅರ್ಧಕ್ಕೇ ತಿರುಗಿದವು.

"ಅವನು ಎಬ್ಬಿಸದೆ ಇದ್ದಿದ್ರೆ?"

ಆ ಪ್ರಶ್ನೆಯನ್ನು ಶಾಮಲಮ್ಮ ತನಗೆ ತಾನೇ ಕೇಳಿಕೊಂಡಿರಲಿಲ್ಲ. ಈಗ ಮೊದಲ ಸಲ ಹೆದರಿಕೆಯಾಯಿತು. ಆಮೇಲೆ ಮೆಲ್ಲಗೆ, "ಸಾಯೋಕೆ ಹೋಗಿರ್ಲಿಲ್ಲ ಕಣ್ರೀ. ಒಬ್ಬಳೇ ಇರೋಕೆ ಹೋಗಿದ್ದೆ" ಎಂದಳು.

ಅವನು ಆರಿದ ಬಟ್ಟೆಯನ್ನು ತೆಗೆದು ಬಿಸಿಯದನ್ನು ಹಾಸಿದ.

ಮಾರನೆಯ ದಿನ ನಸುಕಿಗೆ ಹುಳುಗಳು ಜ್ವರದಿಂದ ಎದ್ದವು. ಚನ್ನರಾಯಪ್ಪ ಹೊಸ ಸೊಪ್ಪು ಹರಡಿದ. ಮೊದಲು ಅಲ್ಲೊಂದು ಇಲ್ಲೊಂದು ಹನಿ ಬಿದ್ದಂತೆ, ಆಮೇಲೆ ತಟ್ಟೆಯಿಂದ ತಟ್ಟೆಗೆ ಹಬ್ಬಿ, ಇಡೀ ಮನೆಯ ತುಂಬ ಜಿಟಿಜಿಟಿ ಮಳೆಯ ಸದ್ದು. ಶಾಮಲಮ್ಮ ಈ ಸದ್ದಿನಲ್ಲೇ ಎಷ್ಟೋ ವರ್ಷ ಕೆಲಸ ಮಾಡಿದ್ದಳು, ಮಲಗಿಕೊಂಡು ಕೇಳಿರಲಿಲ್ಲ. ಕೇಳುತ್ತ ಕೇಳುತ್ತ ನಿದ್ದೆ ಬಂತು. ಕನಸಿನಲ್ಲಿ ಮಳೆಯಿತ್ತು, ಅದು ಬೆಚ್ಚಗಿತ್ತು, ಅವಳ ಬೆನ್ನ ಮೇಲೆಯೇ ಬೀಳುತ್ತಿತ್ತು. ಎಲ್ಲಿಗೂ ನಡೆದುಹೋಗಬೇಕಾಗಿರಲಿಲ್ಲ. ಎದ್ದಾಗ ಮಧ್ಯಾಹ್ನವಾಗಿತ್ತು. ತಲೆಯ ಹತ್ತಿರ ಬೈರಮ್ಮ ಇಟ್ಟುಹೋದ ಮುದ್ದೆ, ಬಸ್ಸಾರು ಆರಿದ್ದವು. ಅತ್ತೆ ಅವಳನ್ನು ಎಬ್ಬಿಸದೆ ಹೋದದ್ದು ಅದೇ ಮೊದಲು.

ಹುಳುಗಳು ಹಣ್ಣಾಗಿ ಗೂಡು ಕಟ್ಟಿ, ಗೂಡು ಮಾರಿ ಬರುವ ಹೊತ್ತಿಗೆ ಅವಳ ಗಂಟುಗಳು ಕರಗುತ್ತ ಬಂದಿದ್ದವು. ನಿಂಬೆಹಣ್ಣು ಮತ್ತೆ ಹುಣಸೆಬೀಜವಾಗಿ, ಬೀಜ ರಾಗಿಕಾಳಾಗಿ, ಕೊನೆಗೆ ಕಂದುಬಣ್ಣದ ಒಂದು ಪಟ್ಟಿ ಮಾತ್ರ ಸೊಂಟದಲ್ಲಿ ಉಳಿಯಿತು.

ಆ ದಿನ ಮೈಮೇಲೇ ಬಂದ ಕೋಟು, ಬೂಟು ಇನ್ನೂ ಮನೆಯಲ್ಲೇ ಇದ್ದವು. ಹಂಗಾಮು ಮುಗಿದು ಕಾರ್ಖಾನೆ ಮುಚ್ಚುವ ಮುಂಚೆ ಅವನ್ನು ಹಿಂತಿರುಗಿಸಲು ಗಂಡ ಹೆಂಡತಿ ಮೊಪೆಡ್ಡಿನಲ್ಲಿ ಹೋದರು. ಅರುಣ್‌ಕುಮಾರ್ ಅವಳನ್ನು ದೂರದಿಂದಲೇ ನೋಡಿ ಕೈ ಅಡ್ಡ ಮಾಡಿದ.

"ಅಲ್ಲೇ ನಿಲ್ಲಿ, ಅಲ್ಲೇ ನಿಲ್ಲಿ. ನಾನೇ ಬಂದು ತಗೊಂತೀನಿ."

"ಅವಳು ಬರಲ್ಲ" ಎಂದ ಚನ್ನರಾಯಪ್ಪ. ಕೋಟನ್ನು ಕೊಡದೆ ಕೈಯಲ್ಲೇ ಹಿಡಿದಿದ್ದ. "ನಾನೊಂದು ಸಲ ಒಳಗೆ ನೋಡಬಹುದಾ ಸಾರ್?"

ಅರುಣ್‌ಕುಮಾರ್ ಒಬ್ಬರಾದ ಮೇಲೊಬ್ಬರನ್ನು ನೋಡಿದ. ಬೇಡ ಅನ್ನಲು ಬಾಯಿ ತೆರೆದವನು, ಏನನ್ನಿಸಿತೋ, "ಬೇಗ ಬಂದುಬಿಡಿ" ಎಂದ.

ಚನ್ನರಾಯಪ್ಪ ಕೋಟು ಹಾಕಿಕೊಂಡು ಪ್ಲಾಸ್ಟಿಕ್ ಪಟ್ಟಿಗಳ ಹಿಂದೆ ಮರೆಯಾದ. ಶಾಮಲಮ್ಮ ಅಂಗಳದಲ್ಲಿ, ಸೆರಗನ್ನು ಸೊಂಟದ ಸುತ್ತ ಎರಡು ಸುತ್ತು ಸುತ್ತಿಕೊಂಡು ನಿಂತಳು. ಖಾಲಿ ಬುಟ್ಟಿಗಳನ್ನು ಲಾರಿಗೆ ಎಸೆಯುತ್ತಿದ್ದರು. ಅವನು ಈಗ ಬರುತ್ತಾನೆ ಅಂದುಕೊಂಡಳು. ಬರಲಿಲ್ಲ. ಲಾರಿ ತುಂಬಿತು, ಹೊರಟಿತು, ಧೂಳು ಇಳಿಯಿತು. ಆಗಲೂ ಬರಲಿಲ್ಲ. ಒಳಗೆ ಹೋದ ತನಗೆ ಹೊತ್ತು ತಿಳಿಯುತ್ತಿರಲಿಲ್ಲ. ಹೊರಗೆ ನಿಂತವರಿಗೆ ಅದು ಹೇಗಿರುತ್ತದೆ ಎಂಬುದು ಈಗ ತಿಳಿಯಿತು. ಕೂಗಲೆಂದು ಹೆಜ್ಜೆ ಎತ್ತಿದಾಗ ಪಟ್ಟಿಗಳು ಸರಿದವು.

ಮಂಜಿನ ಪುಡಿ ಕೂತು ಅವನ ಮೀಸೆ ಬೆಳ್ಳಗಾಗಿತ್ತು. ಕೋಟು ಬಿಚ್ಚಿ ಮಡಿಸಿ ಅರುಣ್‌ಕುಮಾರನ ಕೈಗೆ ಕೊಟ್ಟು ಕೈ ಮುಗಿದ. ಮೊಪೆಡ್ ಸ್ಟಾರ್ಟ್ ಮಾಡಿದ.

ಊರಿನ ಹತ್ತಿರದ ತೋಪಿನಲ್ಲಿ ಗಾಡಿ ನಿಲ್ಲಿಸಿದ. ಕೊಯ್ಲು ಮುಗಿದ ಮರಗಳು ಹಸಿರಾಗಿ, ಹಗುರಾಗಿ ನಿಂತಿದ್ದವು.

"ತೋಪು ಕಾಣ್ಲಿಲ್ಲ ಕಣೇ" ಎಂದ. "ಬಾವೀನೂ ಕಾಣ್ಲಿಲ್ಲ. ಬರೀ ಡಬ್ಬ."

"ಮತ್ತೆ ಇಷ್ಟೊತ್ತು ಏನ್ಮಾಡ್ತಿದ್ರಿ?"

ಅವನು ಮೀಸೆ ಒರೆಸಿಕೊಂಡ. "ಹುಳು ನೋಡ್ಬೇಕು, ಸೊಪ್ಪು ತರ್ಬೇಕು, ಅಮ್ಮ ಕರೀತಾಳೆ... ದಿನಾ ತಲೇಲಿ ಇರ್ತದಲ್ಲ. ಒಳಗೆ ನಿಂತ್ರೆ ಅದ್ಯಾವುದೂ ಇರ್ಲಿಲ್ಲ. ಇನ್ನೊಂಚೂರು ನಿಲ್ಲಾಣ, ಇನ್ನೊಂಚೂರು ನಿಲ್ಲಾಣ ಅನ್ನಿಸ್ತು. ಆಮೇಲೆ ನೀನು ಹೊರಗಿದೀಯಲ್ಲ ಅಂತ ನೆನಪಾಯ್ತು."

ಅವನ ತೋಳು ಇನ್ನೂ ತಣ್ಣಗಿತ್ತು. ಶಾಮಲಮ್ಮ ಎರಡೂ ಅಂಗೈಯಲ್ಲಿ ಅದನ್ನು ಹಿಡಿದುಕೊಂಡು, ಬಿಸಿಯಾಗುವ ತನಕ ಮರದ ಕೆಳಗೆ ನಿಂತಿದ್ದಳು.

ಒಂದು ಬೆಳೆ ಮುಗಿದ ಮೇಲೆ ಹುಳುಮನೆಯನ್ನು ತೊಳೆದು, ಔಷಧಿ ಹೊಡೆದು, ಕೆಲವು ದಿನ ಬಾಗಿಲು ಹಾಕುವುದು ವಾಡಿಕೆ. ಈ ಸಲ ಚನ್ನರಾಯಪ್ಪ ಬೇಗನೆ ತೊಳೆದ, ಕಿಟಕಿ ತೆರೆದು ವಾಸನೆಯೆಲ್ಲ ಹೋಗುವ ತನಕ ಗಾಳಿಗೆ ಬಿಟ್ಟ. ಆಮೇಲೆ ಒಂದು ಮಧ್ಯಾಹ್ನ, ಅವಳು ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದಾಗ, ಬೀಗದ ಕೈಯನ್ನು ತಂದು ಅವಳ ಅಂಗೈಯಲ್ಲಿಟ್ಟ.

"ಮುಂದಿನ ಬೆಳೆಗೆ ಹುಳುಮೊಟ್ಟೆ ತರೋವರೆಗೂ ಅಲ್ಲಿ ಯಾರಿಗೂ ಕೆಲಸ ಇಲ್ಲ" ಎಂದು ಹೇಳಿ ಸೊಪ್ಪಿನ ತೋಟದ ಕಡೆ ಹೊರಟುಹೋದ.

ಅವಳು ಒಳಗಿನಿಂದ ಅಗುಳಿ ಹಾಕಿಕೊಂಡಳು. ತಟ್ಟೆಗಳೆಲ್ಲ ಹೊರಗೆ ಬಿಸಿಲಿಗೆ ಹೋಗಿದ್ದರಿಂದ ಕೋಣೆ ದೊಡ್ಡದಾಗಿ ಕಾಣುತ್ತಿತ್ತು. ಸುಣ್ಣ ಬಳಿದ ಗೋಡೆಗಳು. ಜಾಲರಿಯಿಂದ ಬಂದ ಬಿಸಿಲು ನೆಲದಲ್ಲಿ ಸಣ್ಣ ಸಣ್ಣ ಚೌಕಗಳಾಗಿ ಬಿದ್ದಿತ್ತು. ಚಾಪೆ ಹಾಸಿ, ಬಹಳ ದಿನಗಳ ಮೇಲೆ ಮೊದಲ ಸಲ, ಮೆಲ್ಲಗೆ, ಹೆದರಿ ಹೆದರಿ ಅಂಗಾತ ಮಲಗಿದಳು. ನೋಯಲಿಲ್ಲ. ನೆಲದ ಬಿಸಿ ಚಾಪೆಯ ಮೂಲಕ ಸೊಂಟಕ್ಕೆ ಏರಿ ಬಂತು. ಕಣ್ಣು ಮುಚ್ಚಿದಳು. ಏನು ಬರುತ್ತದೋ ಬರಲಿ ಎಂದು ಕಾದಳು.

ಹೊರಗೆ ಬೈರಮ್ಮನ ದನಿ ಹಿತ್ತಲನ್ನು ದಾಟಿ ಬಂತು.

"ಏಮೇ ಶಾಮಲಾ! ಲೇ ಚನ್ನಾ, ಎಲ್ಲೋ ಅವಳು? ಹುಳು ಮನೇಲಿ ಇದಾಳಾ?"

"ಅಲ್ಲಿ ಔಷಧಿ ಹೊಡೆದಿದೀನಮ್ಮಾ, ಯಾರೂ ಹೋಗಂಗಿಲ್ಲ."

"ಹಂಗಾದ್ರೆ ಎಲ್ಲಿಗೆ ಹೋದ್ಲು?"

ತೋಟದ ಬೇಲಿಯ ಆಚೆಯಿಂದ ಸುಳ್ಳು ಹೇಳಿ ಅಭ್ಯಾಸವಿಲ್ಲದ ಗಂಡನ ದನಿ, ಸ್ವಲ್ಪ ತಡವಾಗಿ, ಸ್ವಲ್ಪ ಜೋರಾಗಿಯೇ ಬಂತು.

"ನಂಗೇನು ಗೊತ್ತಮ್ಮಾ!"